ಸಮೀಪಶೋಧನೆ: ಗಣಿತದಲ್ಲಿ ಮೇಲಾದ ದಾರಿಯನ್ನು ಹುಡುಕುವ ಬಗೆ

ಕನ್ನಡ ಪಠ್ಯಪುಸ್ತಕಗಳ ಕಟ್ಟುಗಳನ್ನು ಹೇರಿಕೊಂಡು ತಳಿಯಿಂದ ಒಂದು ಬಂಡಿ ಹೊರಡುತ್ತದೆಂದು ಭಾವಿಸೋಣ. ಹೊಸೂರು, ಬಾಗಲೂರು, ಬೇರಿಕೆ, ಕೆಲಮಂಗಲ, ರಾಯಕೋಟೆ, ಡೆಂಕಣಿಕೋಟೆ, ಅಂಚೆಟ್ಟಿ ಎಂಬ ಏಳು ಊರುಗಳಲ್ಲಿ ಪುಸ್ತಕಗಳನ್ನು ಇಳಿಸಿ ಅದು ತಳಿಗೆ ಮರಳಬೇಕು. ಶಾಲೆ ತೆರೆಯುವ ಮುನ್ನ ಪುಸ್ತಕ ಮಕ್ಕಳ ಕೈಸೇರಬೇಕಾದುದರಿಂದ ಸುತ್ತು ಆದಷ್ಟು ಕಿರಿದಾಗಿರತಕ್ಕದ್ದು. ಏಳು ಊರುಗಳನ್ನು 5,040 ಕ್ರಮಗಳಲ್ಲಿ ಜೋಡಿಸಬಹುದು. ಒಂದು ಸುತ್ತನ್ನು ಹಿಂದುಮುಂದಾಗಿ ಹಿಡಿದರೂ ದೂರವು ಒಂದೇ ಆದುದರಿಂದ 2,520 ಸುತ್ತುಗಳು ಉಳಿದುವು. ಊರುಗಳು 20 ಆದರೆ ಈ ಸಂಖ್ಯೆಗೆ 19 ಅಂಕಿಗಳು! ಒಂದೊಂದನ್ನೇ ಅಳೆದು ನೋಡುವುದು ಆಗದ ಮಾತು.

ಇಲ್ಲಿ ನೆರವಾಗುವುದೇ ಸಮೀಪಶೋಧನೆ. ಹೇಗೋ ಒಂದು ಸುತ್ತನ್ನು ಹಿಡಿದು ಅದರಲ್ಲಿ ಅಲ್ಪ ಬದಲಾವಣೆ ಮಾಡುವುದು. ದೂರ ತಗ್ಗಿದರೆ ಹೊಸದನ್ನು ಇಟ್ಟುಕೊಳ್ಳುವುದು, ಇಲ್ಲವಾದರೆ ಬಿಡುವುದು. ಬೇರಿಕೆಯಿಂದ ಕೆಲಮಂಗಲ, ಅಲ್ಲಿಂದ ರಾಯಕೋಟೆ, ಬಳಿಕ ಡೆಂಕಣಿಕೋಟೆ ಎಂದು ಹೊರಟರೆ, ಬಂಡಿ ಮತ್ತೆ ಕೆಲಮಂಗಲದ ಮೇಲೆಯೇ ಹಾಯಬೇಕಾಗುತ್ತದೆ. ನಡುವಣ ಎರಡು ಊರುಗಳ ಕ್ರಮವನ್ನು ತಿರುವಿದರೆ ಆ ವ್ಯರ್ಥ ಸಂಚಾರ ತಪ್ಪುತ್ತದೆ. ಸುತ್ತಿನ ಒಂದು ತುಂಡನ್ನು ಹೀಗೆ ತಿರುವುವ ಉಪಾಯವನ್ನು ಕ್ರೋಸ್ ಎಂಬವರು 1958ರಲ್ಲಿ ಪ್ರಕಟಿಸಿದರು.

ಆದರೆ ಇಲ್ಲಿ ಒಂದು ತೊಡಕುಂಟು. ಮಂಜು ಮುಸುಕಿದಾಗ ತಳಿಯ ಗುಡ್ಡವೊಂದನ್ನು ಏರುವವನು ಪ್ರತಿ ಹೆಜ್ಜೆಯನ್ನೂ ಮೇಲಕ್ಕೇ ಇಟ್ಟರೆ ಒಂದು ನೆತ್ತಿಯನ್ನೇನೋ ಸೇರುತ್ತಾನೆ. ಅದಕ್ಕಿಂತ ಎತ್ತರದ ಗುಡ್ಡ ಪಕ್ಕದಲ್ಲಿದ್ದರೂ ಕಾಣನು. ಅದನ್ನು ಮುಟ್ಟಲು ಮೊದಲು ಕೆಳಗಿಳಿಯಬೇಕು. ಹಾಗೆ ಇಳಿಯಲು ಅನುಮತಿಸುವ ಮೇಲ್ವಿಚಾರಣೆಯ ಕ್ರಮಗಳಿಗೆ ಮೆಟಾಹ್ಯೂರಿಸ್ಟಿಕ್ ಎಂದು ಹೆಸರು. 1983ರಲ್ಲಿ ಕರ್ಕ್‌ಪ್ಯಾಟ್ರಿಕ್, ಗೆಲಾಟ್, ವೆಕ್ಕಿ ಎಂಬ ಮೂವರು, ಕಾಯಿಸಿದ ಲೋಹವನ್ನು ಮೆಲ್ಲಮೆಲ್ಲನೆ ಆರಿಸಿ ಹದಗೊಳಿಸುವುದನ್ನೇ ಮಾದರಿಯಾಗಿರಿಸಿಕೊಂಡರು: ಮೊದಮೊದಲು ಕೆಟ್ಟ ಬದಲಾವಣೆಗಳನ್ನೂ ಸಾಕಷ್ಟು ಒಪ್ಪುವುದು, ಬರಬರುತ್ತ ಬಿಗಿಮಾಡುವುದು. 1986ರಲ್ಲಿ ಗ್ಲೋವರ್ ಮತ್ತೊಂದು ಬಗೆಯನ್ನು ತೋರಿಸಿದರು: ಈಚೆಗೆ ಮಾಡಿದ ಬದಲಾವಣೆಗಳನ್ನು ನೆನಪಿನಲ್ಲಿಟ್ಟು, ಕೆಲಕಾಲ ಅವನ್ನು ಹಿಂದಿರುಗಿಸದಂತೆ ನಿಷೇಧಿಸುವುದು.

ಈ ಕ್ರಮಗಳಿಂದ ದೊರೆತ ಸುತ್ತೇ ಅತ್ಯುತ್ತಮವೆಂಬುದಕ್ಕೆ ಪ್ರಮಾಣವಿಲ್ಲ. ಇದ್ದ ಕಾಲದಲ್ಲಿ ಒಳ್ಳೆಯದೊಂದು ಸಿಕ್ಕೀತು, ಅಷ್ಟೆ. ಕೆಲಸ ನಡೆಯಲು ಬಹುಮಟ್ಟಿಗೆ ಅದು ಸಾಕು. ಆದರೆ 'ಒಳ್ಳೆಯದು' ಎಂಬುದಕ್ಕೂ 'ಎಲ್ಲಕ್ಕಿಂತ ಒಳ್ಳೆಯದು' ಎಂಬುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿ ಮರೆಯಬಾರದು. ಉಪಾಧ್ಯಾಯ ಬಂಧುಗಳು ತಮ್ಮ ಸೀಮೆಯ ಒಂದು ನಕಾಶೆಯನ್ನೂ ಒಂದು ದಾರವನ್ನೂ ಮಕ್ಕಳ ಕೈಗಿತ್ತರೆ, ಈ ಪಾಠವನ್ನು ಅವರೇ ಅಳೆದು ಕಲಿತಾರು.