ವಿಶ್ವೇಶ್ವರಯ್ಯನವರ ಕನಸಿನ ಮೋಟಾರು ಗುಜರಿ ಪಾಲಾಗದಿರಲಿ

ಕಳವಾ: ಥಾಣೆ ಖಾಡಿ ದಾಟಿದೊಡನೆ ಸಿಗುವ ಕಳವಾ, ಅಲ್ಲಿಂದ ಮುಂದಿನ ಮುಂಬ್ರಾ, ಶೀಳ್‌ಫಾಟಾ ಪರಿಸರದ ಗುಜರಿ ಅಂಗಡಿಗಳಲ್ಲಿ ಹಳೆಯ ವಾಹನಗಳ ಬಿಡಿಭಾಗಗಳು ತೂಕದ ಲೆಕ್ಕದಲ್ಲಿ ಮಾರಾಟವಾಗುವುದು ನಮ್ಮವರಿಗೆ ಹೊಸ ವಿಷಯವೇನಲ್ಲ. ಆದರೆ ಆ ರಾಶಿಯಲ್ಲಿ ಬಿದ್ದ ತುಕ್ಕು ಹಿಡಿದ ಗ್ರಿಲ್ಲೊಂದು ಡಾಡ್ಜ್, ಡಿಸೋಟೊ ಅಥವಾ ಪ್ಲಿಮತ್ ಕಾರಿನದ್ದಾಗಿದ್ದರೆ ಅದರ ಬೆಲೆ ಕಬ್ಬಿಣದ ಬೆಲೆಯಲ್ಲ. ಈ ಅಮೆರಿಕನ್ ಕಾರುಗಳ ಮುಂಬಯಿ ಕಥೆಯಲ್ಲಿ ಕನ್ನಡಿಗರೆಲ್ಲ ಹೆಮ್ಮೆಪಡುವ ಹೆಸರೊಂದು ಸೇರಿಕೊಂಡಿದೆ.

ಕುರ್ಲಾದಲ್ಲಿ ಹುಟ್ಟಿದ ಅಮೆರಿಕನ್ನರು

ಮೋಟಾರು ನಮ್ಮ ದೇಶದಲ್ಲೇ ತಯಾರಾಗಬೇಕೆಂಬ ಹಂಬಲದಿಂದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯುರೋಪ್, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿ ಬಂದು, ಮುಂಬಯಿಯಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆ ಸಿದ್ಧಪಡಿಸಿದ್ದರು. ಬ್ರಿಟಿಷ್ ಸರಕಾರದ ಬೆಂಬಲ ಸಿಗದೆ ಅದು ನೆನೆಗುದಿಗೆ ಬಿತ್ತು. ಆ ಪ್ರಯತ್ನಕ್ಕೆ ಕೈಜೋಡಿಸಿದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಆರಂಭಿಸಿದವರೂ ಇವರೇ. 1947ರಿಂದ ಕುರ್ಲಾದ ಕಾರ್ಖಾನೆಯಲ್ಲಿ ಕ್ರೈಸ್ಲರ್ ವಾಹನಗಳು ಜೋಡಣೆಯಾಗತೊಡಗಿದವು. ಮುಂದೆ ಮುಂಬಯಿಯ ಟ್ಯಾಕ್ಸಿಯಾಗಿ ಮನೆಮಾತಾದ ಫಿಯೆಟ್, ಪದ್ಮಿನಿ ಕೂಡ ಇದೇ ಅಂಗಳದಿಂದ ಹೊರಬಂದವು.

ಮೈ ಒಂದು, ಮುಖ ಮೂರು

ಕುರ್ಲಾದಿಂದ ಬಂದ ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್ ಮತ್ತು ಪ್ಲಿಮತ್ ಸವಾಯ್ ನೋಡಲು ಬೇರೆ ಬೇರೆಯಾದರೂ ಒಳಗಿನಿಂದ ಒಡಹುಟ್ಟಿದವು. ಬಾಡಿ ಮೂಲತಃ ಪ್ಲಿಮತ್‌ನದ್ದೇ. ವ್ಯತ್ಯಾಸವಿದ್ದುದು ಗ್ರಿಲ್, ಲಾಂಛನ, ಪಕ್ಕದ ಹೊಳೆಯುವ ಪಟ್ಟಿ ಇತ್ಯಾದಿ ಅಲಂಕಾರದಲ್ಲಿ. ಹಳೆಯ ಮಾದರಿಗಳ ಬಾನೆಟ್ ಮೇಲೆ ಡಾಡ್ಜ್‌ಗೆ ಟಗರು, ಪ್ಲಿಮತ್‌ಗೆ ಹಾಯಿಹಡಗು, ಡಿಸೋಟೊಗೆ ಸ್ಪೇನಿನ ಅನ್ವೇಷಕನ ಮುಖ. 1957ರ ಮಾದರಿಯಲ್ಲಿ ವಿನ್ಯಾಸಕಾರ ವರ್ಜಿಲ್ ಎಕ್ಸ್‌ನರ್ ಹಿಂಬದಿಗೆ ಮೀನಿನ ರೆಕ್ಕೆಯಂತಹ ಎತ್ತರದ ಫಿನ್ ಕೊಟ್ಟರು.

ಆದ್ದರಿಂದ ರಿಪೇರಿಗೆ ಬಂದಾಗ ಲೆಕ್ಕ ತಿರುವುಮುರುವು. ಒಂದೇ ಅವಧಿಯ ಈ ಮೂರರಲ್ಲಿ ಒಂದರ ಬಾಗಿಲು, ಗಾಜು ಮತ್ತೊಂದಕ್ಕೆ ಕೂರುತ್ತದೆ. ಆರು ಸಿಲಿಂಡರಿನ ಸೈಡ್‌ವಾಲ್ವ್ ಎಂಜಿನ್ನಿನ ಕುಟುಂಬ ಯುದ್ಧಕಾಲದ ಡಾಡ್ಜ್ ಟ್ರಕ್ಕುಗಳಲ್ಲೂ ಇದ್ದುದರಿಂದ ಅದರ ಭಾಗಗಳನ್ನು ಹೇಗೋ ಹೊಂದಿಸಬಹುದು. ಹೋದರೆ ಸಿಗದಿರುವುದು ಅಂಗೈಯಗಲದ ಟಗರು. ಯಾವುದಿಲ್ಲದೆಯೂ ಕಾರು ಓಡುತ್ತದೋ ಅದೇ ಇಲ್ಲಿ ಅಮೂಲ್ಯ!

ಮೆಕ್ಯಾನಿಕ್ ಬಂಧುಗಳ ಗಮನಕ್ಕೆ

ಹಳೆಯ ಕ್ರೈಸ್ಲರ್ ಕಾರುಗಳ ಎಡಬದಿಯ ಚಕ್ರದ ನಟ್ಟುಗಳಿಗೆ ಎಡಮರೆ. ಇದನ್ನು ತಿಳಿಯದೆ ಎಂದಿನಂತೆ ತಿರುಗಿಸಿದರೆ ಅದು ಇನ್ನಷ್ಟು ಬಿಗಿಯಾಗಿ ಸ್ಟಡ್ಡೇ ಮುರಿಯುತ್ತದೆ. 1955ರವರೆಗಿನ ಮಾದರಿಗಳ ವಿದ್ಯುತ್ 6 ವೋಲ್ಟ್. ಇಂದಿನ 12 ವೋಲ್ಟಿನ ಬಲ್ಬ್ ಹಾಕಿದರೆ ಮಿಣುಕುದೀಪವೇ ಗತಿ.

ಹೊಳಪಿನ ಭಾಗಗಳಲ್ಲೂ ಜಾತಿಯುಂಟು. ಬಂಪರು ಉಕ್ಕಿನದು. ಪಕ್ಕದ ಪಟ್ಟಿ ಸ್ಟೇನ್‌ಲೆಸ್ ಆಗಿದ್ದರೆ ನುಗ್ಗನ್ನು ಒಳಗಿನಿಂದ ಮೆಲ್ಲನೆ ತಟ್ಟಿ ತೆಗೆದು ಪಾಲಿಶ್ ಮಾಡಿದರೆ ಸಾಕು. ಲಾಂಛನಗಳು ಬಹುಮಟ್ಟಿಗೆ ಸತುವಿನ ಎರಕ. ಅದರ ಮೇಲೆ ತಾಮ್ರ, ನಿಕ್ಕಲ್, ಕ್ರೋಮಿಯಂ ಲೇಪ. ಮುಂಬಯಿಯ ಉಪ್ಪುಗಾಳಿ ಸಣ್ಣ ರಂಧ್ರದಿಂದ ಒಳಹೊಕ್ಕರೆ ಸತು ಕೊರೆದು ಲೇಪ ಗುಳ್ಳೆ ಏಳುತ್ತದೆ. ನೇರವಾಗಿ ಮರುಲೇಪ ಹಾಕಿಸಿದರೆ ಗುಳಿಗಳು ಎದ್ದುಕಾಣುತ್ತವೆ. ಹಳೆಯ ಲೇಪ ಕಳಚಿ, ಗುಳಿ ಶುದ್ಧಮಾಡಿ, ತಾಮ್ರದಿಂದ ತುಂಬಿ, ಉಜ್ಜಿ ಸಮಗೊಳಿಸಿದ ಮೇಲೆಯೇ ನಿಕ್ಕಲ್, ಕ್ರೋಮಿಯಂ. ಅಸಲು ತುಂಡು ಎಷ್ಟೇ ಕೆಟ್ಟಿರಲಿ, ಅಚ್ಚು ತೆಗೆಯಲಾದರೂ ಅದೇ ಬೇಕು.

ಕಾನೂನು ಏನನ್ನುತ್ತದೆ?

2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ಪ್ರಕಟಿಸಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಕ್ಕೆ 'ವಿಎ' ಅಕ್ಷರಗಳುಳ್ಳ ನಂಬರು ದೊರೆಯುತ್ತದೆ. ಚಾಸಿಸ್, ಬಾಡಿ, ಎಂಜಿನ್ನಿನಲ್ಲಿ ಗಣನೀಯ ಬದಲಾವಣೆ ಆಗಿರಬಾರದು. ಪೆಟ್ರೋಲ್ ಖರ್ಚು ತಾಳಲಾರದೆ ಒಂದು ಕಾಲದಲ್ಲಿ ಡೀಸೆಲ್ ಎಂಜಿನ್ ಕೂರಿಸಿಕೊಂಡ ಕಾರುಗಳಿಗೆ ಇದು ದೊಡ್ಡ ತೊಡಕು. ಹೊಟ್ಟೆಪಾಡಿಗಾಗಿ ಟ್ಯಾಕ್ಸಿ ಓಡಿಸಿದವರು ಹಾಗೆ ಮಾಡಿದ್ದು ತಪ್ಪಲ್ಲ. ಆದರೆ ಕಳಚಿಟ್ಟ ಹಳೆಯ ಎಂಜಿನ್ ಶೆಡ್ಡಿನ ಮೂಲೆಯಲ್ಲಿದ್ದರೆ ಅದನ್ನು ಮಾರುವ ಮುನ್ನ ಯೋಚಿಸಬೇಕು.

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಂಗ್ರಹಿಸಿದ ಹಳೆಯ ಕಾರುಗಳನ್ನು ಊರಿಗೆ ಹೋದಾಗ ಕಂಡು ಬೆರಗಾದವರು ನಮ್ಮಲ್ಲಿ ಅನೇಕರಿದ್ದಾರೆ. ಅಂತಹ ಸಂಗ್ರಹ ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಕಳವಾ, ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ಗ್ಯಾರೇಜು, ಲೇತ್, ಪ್ಲೇಟಿಂಗ್ ಕೆಲಸದಲ್ಲಿ ಕೈಪಳಗಿದ ಹಿರಿಯರ ಅನುಭವವನ್ನು ಬರೆದಿಡುವುದು, ಅಟ್ಟದ ಮೇಲಿನ ಲಾಂಛನ, ಹಳೆಯ ಆರ್‌ಸಿ ಪುಸ್ತಕಗಳನ್ನು ಜೋಪಾನ ಮಾಡುವುದು ಸಾಧ್ಯ. ಸಂಘದ ವಾರ್ಷಿಕೋತ್ಸವದಂದು ಸಭಾಗೃಹದ ಹೊರಗೆ ಮೇಜಿನ ಮೇಲೆ ಇವನ್ನು ಇಟ್ಟು, ಅಸಲು ಯಾವುದು, ನಕಲು ಯಾವುದು ಎಂದು ಮಕ್ಕಳಿಗೆ ತಿಳಿಹೇಳಿದರೂ ಸಾರ್ಥಕ. ಕುರ್ಲಾದ ಆ ಕಾರ್ಖಾನೆಯ ಜಾಗದಲ್ಲಿ ಕೊಹಿನೂರ್ ಸಿಟಿಯ ಕಟ್ಟಡಗಳೆದ್ದಿವೆ. ಅಲ್ಲಿ ಜೋಡಣೆಯಾದ ಕಾರುಗಳ ಗುರುತು ಉಳಿಯುವುದಿದ್ದರೆ ಇಂತಹ ಚಿಕ್ಕಪುಟ್ಟ ತುಂಡುಗಳಲ್ಲೇ.