ಮಂಡಿ, ಸೊಂಟದ ಕೀಲು ಬದಲಿಸಿದ ಮೇಲೆ ನಂಜಾದರೆ ತಡ ಮಾಡಬೇಡಿ



ಮಂಡಿ ಸವೆದವರು, ಬಿದ್ದು ಸೊಂಟದ ಮೂಳೆ ಮುರಿದುಕೊಂಡವರು ಕೀಲು ಬದಲಾಯಿಸುವ ಆಪರೇಷನ್ ಮಾಡಿಸಿಕೊಳ್ಳುವುದು ಈಗ ನಮ್ಮ ಊರುಗಳಲ್ಲೂ ಹೊಸದಲ್ಲ. ಬಹಳಷ್ಟು ಜನ ಚೆನ್ನಾಗಿ ಓಡಾಡುತ್ತಾರೆ. ನೂರರಲ್ಲಿ ಒಬ್ಬಿಬ್ಬರಿಗೆ ಮಾತ್ರ ಹೊಸ ಕೀಲಿಗೆ ನಂಜಾಗುತ್ತದೆ. ಆ ಒಬ್ಬರು ನಮ್ಮ ಅವ್ವನೋ ಅತ್ತೆಯೋ ಆಗಿದ್ದರೆ? ಮೊದಲ ಕೆಲವು ದಿನ ಬಹಳ ಮುಖ್ಯ.

ನಂಜು ಯಾವಾಗ ಆಗುತ್ತದೆ?

ಆಪರೇಷನ್ ಆದ ಮೊದಲ ನಾಲ್ಕಾರು ವಾರಗಳಲ್ಲಿ ಆಗಬಹುದು. ವರ್ಷಗಟ್ಟಲೆ ಚೆನ್ನಾಗಿದ್ದ ಕೀಲಿಗೂ ಇದ್ದಕ್ಕಿದ್ದಂತೆ ಆಗಬಹುದು. ಕಬ್ಬಿನ ಕೂಳೆ ಚುಚ್ಚಿ ಕೀವಾದ ಕಾಲು, ಕೀವು ತುಂಬಿದ ಹಲ್ಲು, ಮೂತ್ರದ ಸೋಂಕು ಇವುಗಳಿಂದ ರೋಗಾಣು ರಕ್ತಕ್ಕೆ ಸೇರಿ ಕೀಲಿಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಿಗೆ ಅಪಾಯ ಹೆಚ್ಚು.

ಗುರುತುಗಳು

* ಗಾಯದಿಂದ ನೀರು ಅಥವಾ ಕೀವು ಸೋರುವುದು
* ಕಡಿಮೆಯಾಗುತ್ತಿದ್ದ ನೋವು, ಊತ, ಕೆಂಪು ಮತ್ತೆ ಜಾಸ್ತಿಯಾಗುವುದು
* ಚಳಿ ಜ್ವರ
* ನಡೆಯುತ್ತಿದ್ದವರಿಗೆ ಕಾಲೂರಲು ಆಗದಿರುವುದು

ಜ್ವರ ಇಲ್ಲ ಎಂದು ಸುಮ್ಮನಿರಬೇಡಿ. ಕೆಲವರಿಗೆ ಜ್ವರವೇ ಬರುವುದಿಲ್ಲ.

ತಡವಾದರೆ ಏನಾಗುತ್ತದೆ?

ನೀರಿನ ತೊಟ್ಟಿಗೆ ಪಾಚಿ ಕಟ್ಟುವುದನ್ನು ನೋಡಿದ್ದೀರಿ. ಹೊಸದರಲ್ಲಿ ಕೈಯಲ್ಲಿ ಉಜ್ಜಿದರೆ ಹೋಗುತ್ತದೆ, ಹಳೆಯದಾದರೆ ಕೆರೆದರೂ ಬಿಡುವುದಿಲ್ಲ. ರೋಗಾಣುಗಳೂ ಕೃತಕ ಕೀಲಿನ ಮೇಲೆ ಇದೇ ರೀತಿ ಲೋಳೆ ಪದರ ಕಟ್ಟುತ್ತವೆ. ಪದರ ಗಟ್ಟಿಯಾದ ಮೇಲೆ ಮಾತ್ರೆ, ಇಂಜೆಕ್ಷನ್ ಮಾತ್ರದಿಂದ ವಾಸಿಯಾಗುವುದಿಲ್ಲ.

ಚಿಕಿತ್ಸೆ ಹೇಗೆ?

ಮೊದಲು ರಕ್ತ ಪರೀಕ್ಷೆ ಮಾಡಿ, ಸೂಜಿಯಿಂದ ಕೀಲಿನ ನೀರು ತೆಗೆದು ಯಾವ ರೋಗಾಣು ಎಂದು ನೋಡುತ್ತಾರೆ. ಬೇಗ ಬಂದವರಿಗೆ ಕೀಲನ್ನು ಬಿಚ್ಚಿ, ಕೆಟ್ಟ ಭಾಗ ತೆಗೆದು, ಚೆನ್ನಾಗಿ ತೊಳೆದು, ನಡುವಿನ ಪ್ಲಾಸ್ಟಿಕ್ ಭಾಗವನ್ನು ಬದಲಿಸುತ್ತಾರೆ. ಲೋಹದ ಕೀಲು ಹಾಗೇ ಉಳಿಯುತ್ತದೆ. ಆಮೇಲೆ ಇಂಜೆಕ್ಷನ್, ನಂತರ ಮಾತ್ರೆ, ಒಟ್ಟು ಸುಮಾರು ಮೂರು ತಿಂಗಳು. ನಡುವೆ "ವಾಸಿ ಆಯ್ತಲ್ಲ" ಅಂತ ಮಾತ್ರೆ ಬಿಡಬಾರದು.

ತಡವಾಗಿ ಬಂದವರಿಗೆ ಕೀಲನ್ನೇ ತೆಗೆದು ಬೇರೆ ಹಾಕಬೇಕಾಗಬಹುದು. ಎಷ್ಟೋ ಸಲ ಎರಡು ಆಪರೇಷನ್ ಬೇಕು. ಖರ್ಚೂ ಹೆಚ್ಚು, ನೋವೂ ಹೆಚ್ಚು.

ಮಾಡಬಾರದ್ದು

"ಮಳವಳ್ಳಿಯಿಂದ ಅಷ್ಟು ದೂರ ಯಾರು ಹೋಗ್ತಾರೆ, ಇಲ್ಲೇ ಅಂಗಡೀಲಿ ನಾಲ್ಕು ಮಾತ್ರೆ ತಗೊಂಡ್ರೆ ಆಯ್ತು" ಅನ್ನಬೇಡಿ. ಹಾಗೆ ನುಂಗಿದ ಮಾತ್ರೆಯಿಂದ ನೋವು ಅಡಗಬಹುದು, ಆದರೆ ಪರೀಕ್ಷೆಯಲ್ಲಿ ರೋಗಾಣು ಸಿಗದೇ ಹೋಗಬಹುದು. ಎಣ್ಣೆ ತಿಕ್ಕುವುದು, ಶಾಖ ಕೊಡುವುದು, ಗಾಯಕ್ಕೆ ಅರಿಶಿನ ಹಚ್ಚುವುದು ಬೇಡ.

ಎಲ್ಲಿಗೆ ಹೋಗಬೇಕು?

ಆಪರೇಷನ್ ಮಾಡಿದ ಡಾಕ್ಟರಿಗೇ ಅಂದೇ ಫೋನ್ ಮಾಡಿ, ಬಿಡುಗಡೆ ಚೀಟಿ ಹಿಡಿದು ಹೋಗಿ. ಆಗದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ. ಚಳಿ ಜ್ವರದ ಜೊತೆ ಮಂಪರು, ಏದುಸಿರು ಇದ್ದರೆ 108ಕ್ಕೆ ಕರೆ ಮಾಡಿ. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಸರ್ಕಾರದ ನೆರವಿನ ಬಗ್ಗೆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ಸಂಘದಲ್ಲಿ ಚರ್ಚಿಸಿ

ನಮ್ಮಲ್ಲಿ ಯಾರ ಮನೆಯಲ್ಲಿ ಕೀಲು ಬದಲಿಸಿಕೊಂಡವರು ಇದ್ದಾರೆ? ರಾತ್ರೋರಾತ್ರಿ ಹೊರಡಬೇಕಾದರೆ ಗಾಡಿ ಬಾಡಿಗೆಗೆ ಸಂಘದ ಉಳಿತಾಯದಿಂದ ಮುಂದಿನ ಸಭೆಗೆ ಕಾಯದೆ ಸಾಲ ಕೊಡಬಹುದೇ? ಈ ವಾರವೇ ತೀರ್ಮಾನಿಸಿ, ನಿರ್ಣಯ ಪುಸ್ತಕದಲ್ಲಿ ಬರೆದಿಡಿ.