ಹೂದಾನಿಯ ಚೆಲುವು, ಬೆಕ್ಕಿಗೆ ಪ್ರಾಣಸಂಕಟ

ಹುಟ್ಟುಹಬ್ಬಕ್ಕೋ ಗೃಹಪ್ರವೇಶಕ್ಕೋ ಬಂದವರು ಕೊಟ್ಟುಹೋದ ಹೂಗುಚ್ಛ ಟೀಪಾಯಿಯ ಮೇಲಿನ ಹೂದಾನಿಗೆ ಏರುತ್ತದೆ. ಗುಲಾಬಿ, ಜರ್ಬೆರಾಗಳ ನಡುವೆ ತುತ್ತೂರಿಯಂತೆ ಬಾಯ್ದೆರೆದ ಒಂದೆರಡು ಲಿಲ್ಲಿ. ಮನೆಯ ಬೆಕ್ಕು ಮೆಲ್ಲನೆ ಬಂದು ಮೂಸುತ್ತದೆ. ಹೂವಿನ ಕಂದು ಪರಾಗ ಅದರ ಮೂತಿಗೆ, ಮೈಗೆ ಮೆತ್ತಿಕೊಳ್ಳುತ್ತದೆ. ‘ನೋಡ್ರೀ, ಕುಂಕುಮ ಇಟ್ಕೊಂಡಿದೆ’ ಎಂದು ಮನೆಮಂದಿ ನಗುತ್ತಾರೆ. ಬೆಕ್ಕು ಮೂಲೆಗೆ ಹೋಗಿ ತನ್ನ ಎಂದಿನ ಶಿಸ್ತಿನಿಂದ ಮೈ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ಅದರ ಪ್ರಾಣಕ್ಕೆ ಸಂಚಕಾರ ಬರಲು ಅಷ್ಟು ಸಾಕು.

ಲಿಲ್ಲಿಯ ಎಲೆ, ದಳ, ಕಾಂಡ, ಪರಾಗ ಎಲ್ಲವೂ ಬೆಕ್ಕಿಗೆ ವಿಷ. ಹೂದಾನಿಯಲ್ಲಿ ಉಳಿದ ನೀರು ಕುಡಿದರೂ ಅಪಾಯವೇ. ಅಮೆರಿಕದ ಪಶುವೈದ್ಯರು ಇದನ್ನು ಸ್ಪಷ್ಟವಾಗಿ ಗುರುತಿಸಿದ್ದು 1990ರ ದಶಕದ ಆರಂಭದಲ್ಲಿ. ಏಟು ಬೀಳುವುದು ಮೂತ್ರಪಿಂಡಗಳಿಗೆ. ವಿಚಿತ್ರವೆಂದರೆ, ಅದೇ ಹೂವನ್ನು ನಾಯಿ ತಿಂದರೆ ಹೊಟ್ಟೆ ಕೆಟ್ಟೀತು, ಅಷ್ಟೆ! ಯಾವ ಅಂಶ ಬೆಕ್ಕನ್ನು ಹೀಗೆ ಕೊಲ್ಲುತ್ತದೆ ಎಂಬುದು ವಿಜ್ಞಾನಿಗಳಿಗೆ ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಹಾಗಾಗಿ ಪ್ರತಿವಿಷವೂ ಇಲ್ಲ.

ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿದೆ. ಮೊದಲ ಕೆಲವು ಗಂಟೆಗಳಲ್ಲಿ ಬೆಕ್ಕು ವಾಂತಿ ಮಾಡುತ್ತದೆ, ಜೊಲ್ಲು ಸುರಿಸುತ್ತದೆ, ಊಟ ಬಿಡುತ್ತದೆ. ಆಮೇಲೆ ವಾಂತಿ ನಿಂತು ಚೇತರಿಸಿಕೊಂಡಂತೆ ಕಾಣುವುದೂ ಉಂಟು. ‘ಏನೋ ಹಲ್ಲಿ ತಿಂದಿರಬೇಕು, ಸರಿಹೋಯಿತು’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಒಳಗೆ ಮೂತ್ರಪಿಂಡಗಳು ಸೋಲುತ್ತಿರುತ್ತವೆ. ಒಂದರಿಂದ ಮೂರು ದಿನದೊಳಗೆ ಮೂತ್ರವೇ ನಿಂತುಹೋಗಬಹುದು. ಆ ಹಂತದಲ್ಲಿ ಉಳಿಸುವುದು ಬಹಳ ಕಷ್ಟ. ತಿಂದ ಸುಮಾರು 18 ಗಂಟೆಗಳೊಳಗೆ ಪಶುವೈದ್ಯರು ಸಲೈನ್ ಏರಿಸಲು ತೊಡಗಿ, ಎರಡು ಮೂರು ದಿನ ಬಿಡದೆ ನಡೆಸಿದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಆದ್ದರಿಂದ ಲಿಲ್ಲಿಗೆ ಬಾಯಿ ಹಾಕಿದ್ದು ಕಂಡರೆ, ಮೈಮೇಲೆ ಪರಾಗ ಕಂಡರೂ, ವಾಂತಿಗಾಗಿ ಕಾಯುತ್ತ ಕೂರಬಾರದು.

ಹೆಸರಿನ ಗೊಂದಲವೂ ಇದೆ. ಹೂಗುಚ್ಛಗಳಲ್ಲಿ ಬರುವ ಏಷ್ಯಾಟಿಕ್, ಓರಿಯಂಟಲ್ ಲಿಲ್ಲಿಗಳು ಮತ್ತು ಕೈತೋಟದ ಡೇ ಲಿಲ್ಲಿ, ಇವು ಬೆಕ್ಕಿನ ನಿಜವಾದ ವೈರಿಗಳು. ನರ್ಸರಿಯವರು ಪೀಸ್ ಲಿಲ್ಲಿ, ಕಾಲಾ ಲಿಲ್ಲಿ ಎಂದು ಮಾರುವ ಗಿಡಗಳು ಲಿಲ್ಲಿಗಳೇ ಅಲ್ಲ, ನಮ್ಮ ಕೆಸುವಿನ ನೆಂಟರು.

ಕೆಸುವಿನ ತುರಿಕೆ ಮಲೆನಾಡು, ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಪತ್ರೊಡೆಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲೇ ಹೇಳುತ್ತದೆ. ಎಲೆಯೊಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ. ಮನಿಪ್ಲಾಂಟ್, ಫಿಲೊಡೆಂಡ್ರಾನ್, ಬಿಳಿ ಮಚ್ಚೆಯ ಅಗಲ ಎಲೆಯ ಡೈಫನ್‌ಬೇಕಿಯ ಎಲ್ಲವೂ ಇದೇ ಕುಲದವು. ಬೆಕ್ಕು ಅಗಿದೊಡನೆ ಬಾಯಿ, ನಾಲಿಗೆ ಉರಿದು ಜೊಲ್ಲು ಸುರಿಯುತ್ತದೆ, ಮುಂಗಾಲಿನಿಂದ ಮೂತಿ ಒರೆಸಿಕೊಳ್ಳುತ್ತದೆ. ನೋಡಲು ಗಾಬರಿಯಾದರೂ ಸಾಮಾನ್ಯವಾಗಿ ಪ್ರಾಣಕ್ಕೆ ಅಪಾಯವಿಲ್ಲ. ಉರಿ ತಟ್ಟಿದ ಬೆಕ್ಕು ಹೆಚ್ಚು ತಿನ್ನಲಾರದು. ಬಾಯಿ, ಗಂಟಲು ಊದಿ ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಮನಿಪ್ಲಾಂಟನ್ನು ಕಿತ್ತೆಸೆದು ಲಿಲ್ಲಿಯನ್ನು ಹೂದಾನಿಯಲ್ಲಿ ಉಳಿಸಿಕೊಳ್ಳುವುದು ತಲೆಕೆಳಗಾದ ಎಚ್ಚರಿಕೆ.

ಗೇಟಿನ ಇಕ್ಕೆಲಗಳಲ್ಲಿ ಕುಂಡದಲ್ಲಿ ನಿಲ್ಲಿಸುವ, ಪುಟ್ಟ ಈಚಲಿನಂತೆ ಕಾಣುವ ಸೈಕಾಸ್ ಬೇರೆಯೇ ಮಾತು. ಅದು ಯಕೃತ್ತನ್ನು ಕೆಡಿಸುತ್ತದೆ, ಬೀಜವಂತೂ ಅತಿ ಘೋರ. ಹೆದ್ದಾರಿಗಳ ನಡುವೆ ಸಾಲಾಗಿ ಅರಳುವ, ದೇವರ ತಲೆಗೂ ಏರುವ ಕಣಗಿಲೆಯ ವಿಷ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಪೂಜೆಯ ಬುಟ್ಟಿಯನ್ನು ನೆಲದ ಮೇಲೆ ಬಿಡದಿರುವುದು ಮೇಲು. ಲೋಳೆಸರ ತಿಂದರೆ ವಾಂತಿ ಭೇದಿ.

ಮನೆಮದ್ದಿನ ಉತ್ಸಾಹವೂ ಒಳ್ಳೆಯದಲ್ಲ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋದರೆ ಉಪ್ಪೇ ವಿಷವಾದೀತು. ಮನುಷ್ಯರ ಮಾತ್ರೆಗಳಂತೂ ಬೇಡವೇ ಬೇಡ, ಒಂದು ಪ್ಯಾರಾಸಿಟಮಾಲ್ ಕೂಡ ಬೆಕ್ಕಿನ ಜೀವ ತೆಗೆಯಬಲ್ಲದು. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ಮೈಮೇಲಿನ ಪರಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ನೆಕ್ಕದಂತೆ ಟವೆಲಿನಲ್ಲಿ ಸುತ್ತಿ, ತಿಂದ ಗಿಡದ ಒಂದು ತುಂಡನ್ನೂ ಜೊತೆಗೆ ಒಯ್ಯಬೇಕು. ಗಿಡ ಯಾವುದೆಂದು ತಿಳಿದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಎತ್ತರದ ಕಪಾಟಿನಲ್ಲಿ ಇಟ್ಟರಾಯಿತು ಎನ್ನುವವರು ಬೆಕ್ಕನ್ನು ಸರಿಯಾಗಿ ನೋಡಿದವರಲ್ಲ. ಅಟ್ಟದ ಡಬ್ಬದ ಹಿಂದೆ ಮರಿ ಹಾಕುವ ಪ್ರಾಣಿಗೆ ಕಪಾಟು ಯಾವ ಲೆಕ್ಕ? ಲಿಲ್ಲಿಯನ್ನು ಮನೆಯೊಳಗೆ ತರದಿರುವುದೊಂದೇ ದಾರಿ. ಉಡುಗೊರೆಯಾಗಿ ಬಂದರೆ ಆ ಹೂಗಳನ್ನು ಮಾತ್ರ ಆರಿಸಿ, ಬೆಕ್ಕಿಲ್ಲದ ಮನೆಗೆ ದಾಟಿಸಬಹುದು. ಹಸಿರು ಬೇಕೆನ್ನುವವರಿಗೆ ಅರೆಕಾ ಪಾಮ್, ಸ್ಪೈಡರ್ ಪ್ಲಾಂಟ್, ಬೋಸ್ಟನ್ ಫರ್ನ್ ಇವೆ. ಇವುಗಳಿಂದ ಬೆಕ್ಕಿಗೆ ಭಯವಿಲ್ಲ.

ಬೆಕ್ಕಿಗೆ ಹುಲ್ಲು ಮೇಯುವ ಚಪಲ ಇದ್ದೇ ಇದೆ. ಫ್ಲ್ಯಾಟಿನೊಳಗೆ ಬಂಧಿಯಾದ ಬೆಕ್ಕಿಗೆ ಗರಿಕೆ ಎಲ್ಲಿಂದ ಬರಬೇಕು? ಒಂದು ಕುಂಡದಲ್ಲಿ ಹಿಡಿ ಗೋಧಿ ಚೆಲ್ಲಿ ನೀರು ಚಿಮುಕಿಸಿದರೆ ಹತ್ತು ದಿನದೊಳಗೆ ಅದರ ಮೇವು ಸಿದ್ಧ. ಗೋಧಿಯ ಬದಲು ಜೋಳ ಬಿತ್ತುವುದು ಮಾತ್ರ ಬೇಡ. ಎಳೆ ಜೋಳದ ಪೈರಿನಲ್ಲಿ ಸಯನೈಡ್ ಇರುತ್ತದೆ, ದನ ಮೇಯಿಸುವ ಯಾವ ರೈತನನ್ನು ಕೇಳಿದರೂ ಅದರ ಕಥೆ ಹೇಳಿಯಾನು.